ಪರೀಕ್ಷೆ ಬರೆಯುವ ಆಂಟಿ ಸಿನಿಮಾ ನೋಡಿದ್ದು

ಹೋದ ತಿಂಗಳು ಆಂಟಿ ಬಿ.ಎ. ಪಾಸಾದರು. ನಮಗೆಲ್ಲ ದೊಡ್ಡ ನಷ್ಟವಾಯಿತು.

ಒಬ್ಬರು ಪಾಸಾದರೆ ಸಂತೋಷಪಡಬೇಕು, ಗೊತ್ತು. ನಾನೂ ಪಟ್ಟೆ, ಅವರು ಕೊಟ್ಟ ಬೇಸನ್ ಲಾಡು ಎರಡು ತಿಂದೆ, ಇನ್ನೆರಡು ಕಟ್ಟಿಸಿಕೊಂಡೂ ಬಂದೆ. ಆದರೆ ಅವರು ಪಾಸಾಗಿದ್ದರಿಂದ ನಮ್ಮ ಕಡೆಯ ಎಷ್ಟೋ ಹುಡುಗರು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ. ಯಾಕೆಂದು ಹೇಳುತ್ತೇನೆ.

ನಾನು ಹುಟ್ಟು ಕುರುಡ. ಈ ಮಾತನ್ನು ನಾನೇ ಹೇಳಿಕೊಳ್ಳುತ್ತೇನೆ, ಬೇರೆಯವರು ಹೇಳಿದರೆ ಜಗಳಕ್ಕೆ ಹೋಗುತ್ತೇನೆ. ನಮ್ಮಂಥವರು ಪರೀಕ್ಷೆಗೆ ಕೂತಾಗ ಪಕ್ಕದಲ್ಲಿ ಇನ್ನೊಬ್ಬರು ಕೂತು, ನಾವು ಬಾಯಲ್ಲಿ ಹೇಳಿದ್ದನ್ನು ಉತ್ತರ ಪತ್ರಿಕೆಯಲ್ಲಿ ಬರೆಯುತ್ತಾರೆ. ಅವರಿಗೆ ಸ್ಕ್ರೈಬ್ ಅನ್ನುತ್ತೇವೆ. ನಮ್ಮ ಕಾಲೇಜುಗಳಲ್ಲಿ ಇದಕ್ಕೊಂದು ನಿಯಮವಿತ್ತು. ಬರೆಯುವವರು ಪರೀಕ್ಷೆ ಕೊಡುವವನಿಗಿಂತ ಕಡಿಮೆ ಓದಿರಬೇಕು, ಇಲ್ಲದಿದ್ದರೆ ಉತ್ತರವನ್ನೂ ಅವರೇ ಹೇಳಿಕೊಟ್ಟುಬಿಟ್ಟಾರು ಅನ್ನುವ ಅನುಮಾನ. ಆಂಟಿ ಓದಿದ್ದು ಪಿಯುಸಿ. ಹಾಗಾಗಿ ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವ ಕುರುಡು ಹುಡುಗ, ಹುಡುಗಿ ಡಿಗ್ರಿ ಪರೀಕ್ಷೆಗೆ ಕೂತರೂ ಮೊದಲ ಫೋನು ವಿಜಯನಗರದ ಇವರ ಮನೆಗೇ. ಒಂದು ಪೈಸೆ ಮುಟ್ಟಿದವರಲ್ಲ.

"ಇಲ್ಲೀವರ್ಗೂ ಎಷ್ಟು ಸಲ ಬಿ.ಎ. ಬರ್ದಿದೀರ ಆಂಟಿ?" ಎಂದು ಒಮ್ಮೆ ಕೇಳಿದ್ದೆ.

"ಯಾರಿಗೆ ನೆನಪಿದೆ ಕಣೋ. ಇಪ್ಪತ್ತು ವರ್ಷದಿಂದ ಬರೀತಾನೇ ಇದೀನಿ, ಒಂದು ಸಲಾನೂ ಪಾಸಾಗಿಲ್ಲ ನೋಡು!" ಎಂದು ಮೈ ಕುಲುಕಿಸಿ ನಕ್ಕಿದ್ದರು.

ಅರವತ್ತು ದಾಟಿದ ಮೇಲೆ ಅವರಿಗೆ ಏನನ್ನಿಸಿತೋ, ದೂರಶಿಕ್ಷಣಕ್ಕೆ ಸೇರಿ ತಮ್ಮ ಹೆಸರಿನಲ್ಲೇ ಪರೀಕ್ಷೆ ಬರೆದರು. ಪಾಸಾದರು. ಈಗ ಅವರು ಬಿ.ಎ. ಹುಡುಗರಿಗೆ ಬರೆಯುವ ಹಾಗಿಲ್ಲ. ಅಂದರೆ ಒಂದು ರೀತಿಯಲ್ಲಿ ನಿವೃತ್ತಿ. ಆ ನೆಪದಲ್ಲಿ ನಾಲ್ಕು ಮಾತು ಬರೆಯೋಣ ಎಂದು ಕೂತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ, ಅವರಿಗೆ ಇಷ್ಟವಾಗುವುದಿಲ್ಲ. "ಉತ್ತರ ಪತ್ರಿಕೇಲಿ ನನ್ನ ಹೆಸರು ಇರುತ್ತೇನೋ? ಇಲ್ವಲ್ಲ. ಹಾಗೇ ಇರ್ಲಿ ಬಿಡು" ಅನ್ನುತ್ತಾರೆ.

ಅವರು ನೋಡಲು ಹೇಗಿದ್ದಾರೆ ಎಂದು ನನ್ನನ್ನು ಕೇಳಿ ಪ್ರಯೋಜನವಿಲ್ಲ. ಹತ್ತಿರ ಬಂದರೆ ವಿಭೂತಿಯ ವಾಸನೆ ಬರುತ್ತದೆ. ಬಲಗೈ ನಡುಬೆರಳಿನ ಬದಿಯಲ್ಲಿ ಪೆನ್ನು ಒತ್ತಿ ಒತ್ತಿ ಗಟ್ಟಿಯಾದ ಒಂದು ಗಂಟಿದೆ. ಮೆಟ್ಟಿಲು ಹತ್ತುವಾಗ ಮಂಡಿಗೆ ಬೈಯುತ್ತಾರೆ, ಇಳಿಯುವಾಗ ಮೆಟ್ಟಿಲಿಗೆ ಬೈಯುತ್ತಾರೆ. ಪರೀಕ್ಷೆ ಶುರುವಾಗುವ ಮುಂಚೆ ಎರಡೂ ಕೈಯ ಬಳೆಗಳನ್ನು ಮೇಲಕ್ಕೆ ಸರಿಸಿ, ಸದ್ದಾಗದ ಹಾಗೆ ಕರ್ಚೀಫಿನಿಂದ ಬಿಗಿಯಾಗಿ ಕಟ್ಟಿಕೊಳ್ಳುತ್ತಾರೆ. "ಪಕ್ಕದ ಮಕ್ಕಳಿಗೆ ಡಿಸ್ಟರ್ಬ್ ಆಗ್ಬಾರ್ದು ಕಣೋ." ಆ ಗಂಟು ಬಿಗಿಯುವಾಗ ಹಲ್ಲಿನಲ್ಲಿ ಬಟ್ಟೆ ಕಚ್ಚಿ ಎಳೆಯುವ ಸದ್ದು ಕೇಳಿದರೆ ಸಾಕು, ನನಗೆ ಪರೀಕ್ಷೆ ಶುರುವಾದ ಹಾಗೆ.

ಬರೆಯುವುದರಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. ನಾವು ಏನು ಹೇಳುತ್ತೇವೋ ಅದು, ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಮೊದಲ ವರ್ಷದ ಇತಿಹಾಸ ಪರೀಕ್ಷೆಯಲ್ಲಿ ನಾನು ಚಾಲುಕ್ಯರು ಎನ್ನಬೇಕಾದ ಕಡೆ ರಾಷ್ಟ್ರಕೂಟರು ಎಂದು ಹೇಳಿ, ಅದರ ಮೇಲೆಯೇ ಎರಡು ಪುಟ ಕಟ್ಟಿದೆ. ಪೆನ್ನು ಒಂದು ಕ್ಷಣವೂ ನಿಲ್ಲದೆ ಸರಸರ ಓಡಿತು. ಹೊರಗೆ ಕಾರಿಡಾರಿಗೆ ಬಂದದ್ದೇ ತಡ, ನನ್ನ ಬೆನ್ನಿಗೆ ಒಂದು ಬಿತ್ತು.

"ತಲೆ ಎಲ್ಲಿಟ್ಟಿದ್ಯೋ? ನಿನ್ನೆ ತಾನೆ ಎರಡು ಸಲ ಓದಿ ಹೇಳಿದ್ದೀನಿ, ಚಾಲುಕ್ಯರು ಅಂತ!"

"ಗೊತ್ತಿದ್ರೆ ಹೇಳ್ಬಹುದಿತ್ತಲ್ಲಾ ಆಂಟಿ."

"ನಾನ್ಯಾಕೆ ಹೇಳ್ಲಿ? ಪರೀಕ್ಷೆ ನಿಂದು. ನಾನು ಬರೀ ಕೈ."

ಬಸ್‌ಸ್ಟಾಪಿಗೆ ಬರುವಷ್ಟರಲ್ಲಿ ಮೂಗು ಎಳೆಯುತ್ತಿದ್ದರು. ನನ್ನ ಎರಡು ಪುಟದ ತಪ್ಪಿಗೆ ಅವರು ಅತ್ತಿದ್ದರು. ಆದರೂ ತಿದ್ದಿರಲಿಲ್ಲ. ಇಂಥವರು ಒಮ್ಮೆ ನನಗೆ ಹಸಿ ಸುಳ್ಳು ಹೇಳಿದರು ಅಂದರೆ ನಂಬುತ್ತೀರಾ?

ಅದು ನಾನು ಕೊನೆಯ ವರ್ಷದಲ್ಲಿದ್ದಾಗ. ರಾಜಾಜಿನಗರದ ಕಾಲೇಜಿನಲ್ಲಿ ಪತ್ರಿಕೋದ್ಯಮ ತೆಗೆದುಕೊಂಡಿದ್ದೆ. ಅದರಲ್ಲೇ ಸಿನಿಮಾ ಅಧ್ಯಯನ ಎಂದು ಒಂದು ಪೇಪರು. ಆಗ ಥಿಯೇಟರಿನಲ್ಲಿ ಓಡುತ್ತಿದ್ದ ಒಂದು ಹೊಡೆದಾಟದ ಥ್ರಿಲ್ಲರ್ ಸಿನಿಮಾವನ್ನು ಎಲ್ಲರೂ ನೋಡಿಬರಬೇಕು, ಅದನ್ನು ನಾಟಕದ ಹಾಗೆ ಮೂರು ಅಂಕಗಳಾಗಿ ಬಿಡಿಸಿ, ಕಥೆ ಎಲ್ಲೆಲ್ಲಿ ತಿರುಗುತ್ತದೆ, ಯಾಕೆ ತಿರುಗುತ್ತದೆ ಎಂದು ಹನ್ನೆರಡು ನಿಮಿಷ ಮಾತಾಡಬೇಕು. ಇಪ್ಪತ್ತು ಮಾರ್ಕು. ಮೇಷ್ಟ್ರು ರೋಲ್ ನಂಬರ್ ಪ್ರಕಾರ ದಿನಾಂಕ ಓದುತ್ತಾ ಬಂದವರು ನನ್ನ ನಂಬರನ್ನು ಹಾರಿ ಮುಂದೆ ಹೋದರು.

ಆ ಮೇಷ್ಟ್ರು ಕೆಟ್ಟವರಲ್ಲ. ಕ್ಲಾಸಿಗೆಲ್ಲ ಒಂದು ದನಿ, ನನಗೊಂದು ದನಿ, ಅಷ್ಟೇ. ಬೇರೆಯವರಿಗೆ "ಏಯ್, ಏನಯ್ಯಾ, ಕೂತ್ಕೊಳಯ್ಯಾ" ಎಂದು ಗುಡುಗುತ್ತಿದ್ದವರು, ನನ್ನ ಬೆಂಚಿನ ಹತ್ತಿರ ಬಂದ ಕೂಡಲೇ ಜ್ವರ ಬಂದ ಮಗುವಿನ ಹತ್ತಿರ ಮಾತಾಡುವ ಹಾಗೆ ಮೆತ್ತಗಾಗಿಬಿಡುತ್ತಿದ್ದರು.

"ನೀನು ಬೇಡಪ್ಪ. ಪೂರ್ತಿ ಫೈಟಿಂಗ್ ಪಿಕ್ಚರ್ ಅದು, ಮಾತೇ ಕಮ್ಮಿ. ನಿನಗ್ಯಾಕೆ ಸುಮ್ನೆ ತೊಂದ್ರೆ? ಹಾಜರಾತಿ ಚೆನ್ನಾಗಿದೆ, ಇಪ್ಪತ್ತಕ್ಕಿಪ್ಪತ್ತು ಹಾಕ್ಬಿಡ್ತೀನಿ."

ಹಿಂದಿನಿಂದ ಯಾರೋ "ಲಕ್ಕಿ ಕಣೋ ಮಗಾ ನೀನು" ಅಂದರು. ನನಗೆ ಕಿವಿಯವರೆಗೆ ಉರಿ ಏರಿತು. ಆ ಇಪ್ಪತ್ತನ್ನು ಇಸಿದುಕೊಂಡರೆ ಮುಂದೆ ಬದುಕಿನಲ್ಲಿ ಎಲ್ಲವನ್ನೂ ಹಾಗೆಯೇ ಇಸಿದುಕೊಳ್ಳುತ್ತಾ ಹೋಗಬೇಕು ಅನ್ನಿಸಿತು. ಎದ್ದು ನಿಂತೆ.

"ನಾನೂ ಮಾಡ್ತೀನಿ ಸಾರ್."

"ಹೇಗಪ್ಪಾ ಮಾಡ್ತೀಯ?"

"ಎಲ್ರ ಥರ ಸಾರ್. ಸಿನಿಮಾ ನೋಡಿ."

ಮೇಷ್ಟ್ರು ನಿಟ್ಟುಸಿರು ಬಿಟ್ಟು, "ಆಯ್ತಪ್ಪ, ನಿನ್ನ ಸಮಾಧಾನಕ್ಕೆ ಕೊನೇ ದಿನ ಇಟ್ಕೊಳೋಣ" ಅಂದರು. ನನ್ನ ಸಮಾಧಾನಕ್ಕಂತೆ! ನಾನು ಎಡವಿದರೆ ಆ ಮೆತ್ತನೆಯ ದನಿಯೇ ಸರಿ ಎಂದಾಗುತ್ತಿತ್ತು. ನನಗೆ ಮಾತ್ರವಲ್ಲ, ನನ್ನ ಹಿಂದೆ ಆ ಕಾಲೇಜಿಗೆ ಬರುವ ನನ್ನಂಥವರಿಗೂ.

ನೇರ ಆಂಟಿಯ ಮನೆಗೆ ಹೋಗಿ ವಿಷಯ ಹೇಳಿದೆ. ಒಲೆಯ ಮೇಲೆ ಒಗ್ಗರಣೆ ಚಟಪಟ ಅನ್ನುತ್ತಿತ್ತು.

"ಫೈಟಿಂಗ್ ಸಿನಿಮಾನಾ? ಯಾವ್ದಾದ್ರೂ ದೇವರ ಸಿನಿಮಾ ಆಗಲ್ವೇನೋ?"

"ಆಗಲ್ಲ ಆಂಟಿ."

"ಸರಿ ಬಿಡು, ನಡಿ. ನಿನಗೆ ಕೈ ಆಗಿದೀನಿ, ಕಣ್ಣೂ ಆದ್ರಾಯ್ತು."

ಮೊದಲು ಪುಸ್ತಕ. ಮೂರು ಅಂಕದ ಮೇಲಿದ್ದ ಇಂಗ್ಲಿಷ್ ಪಾಠವನ್ನು ಅವರು ಸೊಪ್ಪು ಬಿಡಿಸುತ್ತಾ ನನಗೆ ಓದಿ ಹೇಳಿದರು. ಗೊತ್ತಿಲ್ಲದ ಪದ ಬಂದರೆ ಡಿಕ್ಷನರಿ ನೋಡುತ್ತಿದ್ದರು. ಮೂರನೇ ದಿನ ಪುಸ್ತಕ ಮುಚ್ಚಿ, "ಇಷ್ಟು ಸುತ್ತಿ ಬಳಸಿ ಹೇಳ್ಬೇಕಿತ್ತಾ?" ಎಂದು ಕೇಳಿದರು. "ಮೊದಲನೇ ಅಂಕದಲ್ಲಿ ಮನೆ ತೋರಿಸ್ತಾರೆ. ಎರಡನೇದ್ರಲ್ಲಿ ಹೊರಗಿಂದ ಬೀಗ ಹಾಕ್ತಾರೆ. ಮೂರನೇದ್ರಲ್ಲಿ ಒಳಗಿರೋನು ಹೆಂಗೆ ಹೊರಗೆ ಬರ್ತಾನೆ ಅಂತ ನೋಡೋದು. ಒಳಗಿರೋನು ಯಾರು ಅಂತ ಗೊತ್ತಿಲ್ದೆ ಅವನು ಬರೋ ದಾರಿ ತಿಳಿಯಲ್ಲ. ಅಷ್ಟೇ ತಾನೆ?" ನಾನು ಈಗ ಒಂದು ಕಾಲೇಜಿನಲ್ಲಿ ಇದೇ ಪಾಠ ಮಾಡುತ್ತೇನೆ. ಇದಕ್ಕಿಂತ ಚೆನ್ನಾಗಿ ಹೇಳಲು ಇವತ್ತಿಗೂ ನನಗೆ ಬಂದಿಲ್ಲ.

ಮಾಗಡಿ ರಸ್ತೆಯ ಕಡೆ ಒಂದು ಹಳೆಯ ಥಿಯೇಟರು. ವಾರದ ನಡುವಿನ ಬೆಳಗಿನ ಆಟ ಆರಿಸಿಕೊಂಡೆವು, ಜನ ಕಮ್ಮಿ ಇರುತ್ತಾರೆ, ಪಿಸುಗುಟ್ಟಿದರೆ ಯಾರೂ ಬೈಯುವುದಿಲ್ಲ ಎಂದು. ಆಂಟಿ ಒಂದು ಉಪಾಯ ಮಾಡಿದ್ದರು. ಜಪ ಎಣಿಸುವ ಹಾಗೆ ನನ್ನ ತೋರುಬೆರಳನ್ನು ಹಿಡಿದುಕೊಂಡಿರುತ್ತಾರೆ. ಬೆರಳಿಗೆ ಮೂರು ಗೆಣ್ಣು, ಸಿನಿಮಾಕ್ಕೆ ಮೂರು ಅಂಕ. ಕಥೆ ಒಂದು ಅಂಕದಿಂದ ಇನ್ನೊಂದಕ್ಕೆ ದಾಟಿತು ಅನ್ನಿಸಿದಾಗ ಮುಂದಿನ ಗೆಣ್ಣು ಒತ್ತುತ್ತಾರೆ. ನನಗೂ ಹಾಗನ್ನಿಸಿದರೆ ನಾನು ಅವರ ಕೈ ಅದುಮುತ್ತೇನೆ, ಇಲ್ಲದಿದ್ದರೆ ಇಂಟರ್ವೆಲ್‌ನಲ್ಲಿ ಜಗಳ.

"ಯಾರೋ ಬಂದ. ಪೊಲೀಸ್ ಡ್ರೆಸ್ಸು. ಇವನೇ ಹೀರೋ ಇರ್ಬೇಕು. ಚೆನ್ನಾಗಿದಾನೆ, ತಲೆ ಮಾತ್ರ ಬಾಚ್ಕೊಂಡಿಲ್ಲ."

ಹೀಗೆ ಶುರುವಾಯಿತು. ಆಮೇಲೆ ಆಂಟಿ ಬಿಸಿಯೇರಿದರು. "ಹೊಡ್ದ, ಅಲ್ಲ ಅಲ್ಲ, ತಪ್ಪಿಸ್ಕೊಂಡ. ಈಗ ಹೊಡ್ದ. ಆರು ಜನ ಬಿದ್ರು. ಏಳನೇಯವನು ಓಡ್ತಾ ಇದಾನೆ, ಬುದ್ಧಿವಂತ." ಮುಂದಿನ ಸಾಲಿನಲ್ಲಿದ್ದ ಒಬ್ಬಾತ ಎರಡು ಸಲ "ಶ್ ಶ್" ಅಂದ. ಇಂಟರ್ವೆಲ್ ಮುಗಿದ ಮೇಲೆ ಪಪ್ಸ್ ತಿನ್ನುತ್ತಾ ತಡವಾಗಿ ಒಳಗೆ ಬಂದವನು, ನಮ್ಮ ಕಡೆ ಬಗ್ಗಿ, "ಆಂಟೀ, ಈಗೇನಾಯ್ತು?" ಎಂದು ಕೇಳಿದ. ಆಂಟಿ ಅವನಿಗೂ ಹೇಳಿದರು.

ಕಥೆ ಇಷ್ಟು. ಹೀರೋ ಪೊಲೀಸ್ ಜೀಪಿನ ಡ್ರೈವರು. ಅವನಿಗೊಬ್ಬ ತಮ್ಮ. ಊರಿನ ದೊಡ್ಡ ಮನುಷ್ಯನೊಬ್ಬ ಕೊಲೆ ಮಾಡಿದ್ದನ್ನು ತಮ್ಮ ಕಣ್ಣಾರೆ ನೋಡಿರುತ್ತಾನೆ. ಸಾಕ್ಷಿ ಹೇಳದ ಹಾಗೆ ಅವನನ್ನು ಮುಗಿಸಲು ಜನ ಬರುತ್ತಾರೆ. ಹೀರೋ ಇಲಾಖೆಯ ಜೀಪನ್ನೇ ಕದ್ದು ತಮ್ಮನನ್ನು ಕೂರಿಸಿಕೊಂಡು ಓಡಿಹೋಗುತ್ತಾನೆ. ಇದು ಮೊದಲ ಅಂಕ. ಎರಡನೆಯದು ಪೂರ್ತಿ ಓಟ, ಬೆನ್ನಟ್ಟುವುದು, ಹೊಡೆದಾಟ. ಕೊನೆಗೆ ಒಂದು ಕಲ್ಲು ಕ್ವಾರಿಯಲ್ಲಿ ಎಲ್ಲರೂ ಎದುರುಬದುರಾಗುತ್ತಾರೆ, ಗುಂಡು ಹಾರುತ್ತದೆ, ತಮ್ಮ ಸಾಯುತ್ತಾನೆ. ಮೂರನೇ ಅಂಕದಲ್ಲಿ ಹೀರೋ ಆ ದೊಡ್ಡ ಮನುಷ್ಯನನ್ನು ಹಿಡಿದು, ಕೊಲ್ಲದೆ, ಕೋರ್ಟಿನ ಬಾಗಿಲಿಗೆ ಎಳೆದು ತರುತ್ತಾನೆ. ಆಮೇಲೆ ತಾನೇ ನಡೆದುಕೊಂಡು ಹೋಗಿ ಪೊಲೀಸರಿಗೆ ಶರಣಾಗುತ್ತಾನೆ. ಅಲ್ಲಿಗೆ ಸಿನಿಮಾ ಮುಗಿಯಿತು.

ಕ್ವಾರಿಯ ದೃಶ್ಯ ಬಂದಾಗ ಆಂಟಿಯ ಉಗುರು ನನ್ನ ಕೈಗೆ ನಾಟಿತ್ತು. ಆದರೆ ಮಾತು ಮಾತ್ರ ನೀರು ಹರಿದ ಹಾಗೆ. "ತಮ್ಮ ಓಡಿ ಬರ್ತಾ ಇದಾನೆ, ಆ ದೊಡ್ಡ ಮನುಷ್ಯ ಬಂಡೆ ಹಿಂದಿಂದ ಬಂದು ಗನ್ ತೆಗ್ದು ಎದೆಗೇ ಹೊಡ್ದುಬಿಟ್ಟ, ತಮ್ಮ ಸತ್ತುಹೋದ, ಪಾಪ." ಅವರ ಬೆರಳು ಮೂರನೇ ಗೆಣ್ಣು ಒತ್ತಿತು. ನಾನು ಅವರ ಕೈ ಅದುಮಿದೆ.

ನನ್ನ ಸರದಿ ಬರುವವರೆಗೆ ಕ್ಲಾಸಿನ ಎಲ್ಲರೂ ಮಾತಾಡಿ ಮುಗಿಸಿದ್ದರು. ಎಲ್ಲರದೂ ಒಂದೇ ದೂರು. ಮೊದಲೆರಡು ಅಂಕ ಚೆನ್ನಾಗಿವೆ, ಮೂರನೆಯದಕ್ಕೆ ತಲೆಬುಡ ಇಲ್ಲ. ತಮ್ಮನನ್ನು ಕೊಂದವನನ್ನು ಕೊಲ್ಲದೆ ಬಿಟ್ಟು, ಹೀರೋ ತಾನೇ ಯಾಕೆ ಜೈಲಿಗೆ ಹೋಗುತ್ತಾನೆ? ಒಬ್ಬಳು ಜೀಪು ಕದ್ದಿದ್ದಕ್ಕೆ ಇರಬೇಕು ಅಂದಳು, ಕ್ಲಾಸು ನಕ್ಕಿತು. ಮೇಷ್ಟ್ರೂ, "ಇದೇ ನೋಡ್ರಯ್ಯಾ, ಎರಡನೇ ತಿರುವಿಗೂ ಕೊನೆಗೂ ಸಂಬಂಧ ಇಲ್ಲದೆ ಇದ್ರೆ ಹೀಗಾಗುತ್ತೆ" ಎಂದು ತೀರ್ಪು ಕೊಟ್ಟಿದ್ದರು. ನಾನೂ ಅದನ್ನೇ ಹೇಳುವವನಿದ್ದೆ.

ನನ್ನ ದಿನ ಬಂತು. ಆಂಟಿಯೂ ನಾನೂ ವಿಜಯನಗರದಲ್ಲಿ ಬಸ್ಸು ಹತ್ತಿದೆವು. ಬಸವೇಶ್ವರನಗರದ ಹತ್ತಿರ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತೇ ಹೋಯಿತು. ಹೊತ್ತು ಕಳೆಯಲು ನಾನು ಆಂಟಿಗೆ ನನ್ನ ಭಾಷಣ ಒಪ್ಪಿಸುತ್ತಿದ್ದೆ. ಕ್ವಾರಿಯವರೆಗೆ ಸರಾಗ ಬಂದೆ. ಅಲ್ಲಿಂದ ಮುಂದೆ ನಾಲಿಗೆ ಏಳಲಿಲ್ಲ.

ಮನಸ್ಸಿನಲ್ಲಿ ಆ ಗುಂಡಿನ ಸದ್ದು ಮತ್ತೆ ಕೇಳಿತು. ಆ ದೊಡ್ಡ ಮನುಷ್ಯನ ಗನ್ನು ಹಾರಿದಾಗೆಲ್ಲ ದಪ್ಪ ಸದ್ದು, ಸುತ್ತ ಮೊಳಗುವಂಥದು. ಹೀರೋನದು ಹಳೆಯ ಪಿಸ್ತೂಲು, 'ಠಪ್' ಎಂದು ಒಣಕಲು ಸದ್ದು, ಅದರ ಹಿಂದೆಯೇ ಸ್ಪ್ರಿಂಗು ಕಿರುಗುಟ್ಟುವ ಸಣ್ಣ ದನಿ. ತಮ್ಮ ಕಿರುಚುವ ಮುಂಚೆ ನನಗೆ ಕೇಳಿದ್ದು ಆ ಕಿರುಗುಟ್ಟುವ ದನಿ. ಅಷ್ಟೇ ಅಲ್ಲ, ಅದಾದ ಮೇಲೆ ಸಿನಿಮಾ ಮುಗಿಯುವವರೆಗೂ ಆ ಪಿಸ್ತೂಲು ಒಂದು ಸಲವೂ ಹಾರಿರಲಿಲ್ಲ. ಕೊನೆಯ ಹೊಡೆದಾಟವೆಲ್ಲ ಬರಿಗೈಯಲ್ಲಿ.

"ಆಂಟಿ, ಕ್ವಾರಿಲಿ ತಮ್ಮನಿಗೆ ಗುಂಡು ಹೊಡ್ದಿದ್ದು ಯಾರು?"

"ಹೇಳಿದ್ನಲ್ಲೋ, ಆ ದೊಡ್ಡ ಮನುಷ್ಯ."

"ನೀವು ನೋಡಿದ್ರಾ?"

"ಮತ್ತೆ?"

"ಆಂಟಿ. ನೀವು ನೋಡ್ತಾ ಇರೋದನ್ನ ಹೇಳೋವಾಗ ತಡವರಿಸ್ತೀರ. ಹೊಡ್ದ, ಅಲ್ಲ, ಬಿದ್ದ, ಅಲ್ಲ ಅಂತೀರ. ಅಲ್ಲಿ ಒಂದು ಸಲಾನೂ ತಡವರಿಸ್ಲಿಲ್ಲ."

ಬಸ್ಸಿನ ಇಂಜಿನ್ನು ಗುರುಗುಟ್ಟುತ್ತಿತ್ತು. ಆಂಟಿಯ ಬಳೆ ಮೇಲೆ ಹೋಗಿ ಕೆಳಗೆ ಬಂದ ಸದ್ದಾಯಿತು.

"ರಕ್ತ ನೋಡಿದ್ರೆ ನನಗೆ ಆಗಲ್ಲ ಕಣೋ," ಎಂದರು ಕೊನೆಗೆ, ಬಹಳ ಸಣ್ಣ ದನಿಯಲ್ಲಿ. "ಕಣ್ಣು ಮುಚ್ಕೊಂಡ್ಬಿಟ್ಟೆ. ಗುಂಡಿನ ಸದ್ದು ಕೇಳ್ತು, ಆ ಹುಡುಗ ಕಿರುಚಿದ. ಕಣ್ಣು ಬಿಟ್ಟಾಗ ಸತ್ತು ಬಿದ್ದಿದ್ದ. ಕೆಟ್ಟೋನೇ ತಾನೆ ಕೊಲ್ಲೋದು ಅಂತ ನಾನೇ ಸೇರಿಸಿ ಹೇಳ್ಬಿಟ್ಟೆ." ಆಮೇಲೆ ಅಳು ಒತ್ತರಿಸಿ ಬಂತು. "ಇಷ್ಟು ವರ್ಷ ಪರೀಕ್ಷೇಲಿ ಒಂದಕ್ಷರ ಸೇರಿಸ್ದೋಳಲ್ಲ ನಾನು. ಈಗ ಒಬ್ಬ ಮಾಡಿದ ಕೊಲೆ ತಗೊಂಡು ಇನ್ನೊಬ್ಬನ ತಲೆಗೆ ಕಟ್ಬಿಟ್ನಲ್ಲೋ!"

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಲೆಯೊಳಗೆ ಮೂರನೇ ಅಂಕ ಪಟಪಟನೆ ಜೋಡಣೆಯಾಗುತ್ತಿತ್ತು. ತಮ್ಮನಿಗೆ ಗುಂಡು ತಗುಲಿದ್ದು ಅಣ್ಣನ ಕೈಯಿಂದಲೇ ಆದರೆ, ಅವನು ಆಮೇಲೆ ಪಿಸ್ತೂಲು ಮುಟ್ಟುವುದಿಲ್ಲ. ಆ ದೊಡ್ಡ ಮನುಷ್ಯನನ್ನು ಕೊಲ್ಲುವುದೂ ಇಲ್ಲ, ಯಾಕೆಂದರೆ ಕೊಂದವನು ಅವನಲ್ಲ. ಕೊನೆಗೆ ತನ್ನ ಕಾಲ ಮೇಲೆ ತಾನೇ ನಡೆದು ಹೋಗಿ ಶರಣಾಗುತ್ತಾನೆ. ಜೀಪಿಗಾಗಿ ಅಲ್ಲ. ಇಡೀ ಕ್ಲಾಸಿಗೆ ತಲೆಬುಡ ಇಲ್ಲ ಅನ್ನಿಸಿದ ಮೂರನೇ ಅಂಕಕ್ಕೆ ಈಗ ತಲೆಯೂ ಬಂತು, ಬುಡವೂ ಬಂತು.

"ಇಳಿದು ವಾಪಸ್ ಹೋಗೋಣ ನಡಿ," ಎಂದರು ಆಂಟಿ. "ನಾನೇ ಬಂದು ಮೇಷ್ಟ್ರ ಹತ್ರ ಹೇಳ್ತೀನಿ, ನನ್ನಿಂದ ಹೀಗಾಯ್ತು ಅಂತ. ಆ ಇಪ್ಪತ್ತು ಮಾರ್ಕ್ಸ್ ತಗೊಂಡ್ಬಿಡು."

"ಇಲ್ಲ ಆಂಟಿ. ಹೀರೋನೇ ಹೊಡ್ದಿದ್ದು ಅಂತ ಹೇಳ್ತೀನಿ."

"ನಾನು ನೋಡಿಲ್ಲ, ನೀನೂ ನೋಡಿಲ್ಲ. ಕ್ಲಾಸೆಲ್ಲ ನೋಡಿದೆ ಕಣೋ! ನಗ್ತಾರೆ!"

"ನೋಡಿದಾರೆ ಸರಿ. ಅವ್ನು ಯಾಕೆ ಜೈಲಿಗೆ ಹೋದ ಅಂತ ಒಬ್ರಿಗಾದ್ರೂ ಗೊತ್ತಾಯ್ತಾ?"

ಧೈರ್ಯವಾಗಿ ಹೇಳಿದೆ, ನಿಜ. ಆದರೆ ಕಾಲೇಜಿನ ಮೆಟ್ಟಿಲು ಹತ್ತುವಾಗ ಅನುಮಾನ ಶುರುವಾಯಿತು. ಸಿನಿಮಾ ಥಿಯೇಟರಿನಿಂದ ಹೋಗಿತ್ತು, ಮೊಬೈಲಿಗೆ ಇನ್ನೂ ಬಂದಿರಲಿಲ್ಲ, ಇನ್ನೊಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳುವ ದಾರಿಯೇ ಇರಲಿಲ್ಲ. ಆಂಟಿ ಹೇಳಿದ್ದನ್ನೇ ಹೇಳಿ ಇಳಿದುಬಿಟ್ಟರೆ ಯಾರೂ ಚಕಾರ ಎತ್ತುತ್ತಿರಲಿಲ್ಲ. ಮೇಷ್ಟ್ರು ಬೆನ್ನು ತಟ್ಟಿ ಇಪ್ಪತ್ತು ಹಾಕುತ್ತಿದ್ದರು. ಆ ಬೆನ್ನು ತಟ್ಟುವಿಕೆ ನೆನೆದೇ ನಾನು ಗಟ್ಟಿಯಾದೆ.

ಆಂಟಿಗೆ ಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿಕೊಟ್ಟರು. ಮೊದಲ ಅಂಕವನ್ನು ಎರಡು ಮಾತಿನಲ್ಲಿ ಮುಗಿಸಿದೆ. ಎರಡನೆಯದನ್ನು ಓಡಿಸಿದೆ. ಕ್ವಾರಿಗೆ ಬಂದು, "ಇಲ್ಲಿ ತಮ್ಮನನ್ನು ಕೊಲ್ಲುವುದು ಹೀರೋ. ಬೇಕೆಂದಲ್ಲ, ಗುರಿ ತಪ್ಪಿ" ಅಂದೆ.

ಕ್ಲಾಸು ಹೋ ಎಂದಿತು. "ಇಲ್ಲ ಸಾರ್, ವಿಲನ್ನೇ ಶೂಟ್ ಮಾಡೋದು, ನಾನೇ ನೋಡಿದೀನಿ ಸಾರ್!" ಎಂದು ಹಿಂದಿನ ಬೆಂಚಿನವನು ಕೂಗಿದ. ಮೇಷ್ಟ್ರು ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಅದೇ ಮೆತ್ತನೆಯ ದನಿ.

"ಇರ್ಲಿ ಬಿಡಪ್ಪ. ನಿನಗೆ ಹೇಳ್ದವರು ತಪ್ಪು ಹೇಳಿರ್ಬೇಕು."

ಬಾಗಿಲ ಹತ್ತಿರ ಕುರ್ಚಿ ಜರುಗಿದ ಸದ್ದಾಯಿತು. ಆಂಟಿ ಎದ್ದಿದ್ದರು.

"ಹೇಳ್ದೋಳು ನಾನೇ ಸಾರ್. ನಾನು ಹೇಳಿದ್ದೂ ವಿಲನ್ ಅಂತಾನೇ. ರಕ್ತಕ್ಕೆ ಹೆದರಿ ಕಣ್ಣು ಮುಚ್ಕೊಂಡು ಸುಳ್ಳು ಹೇಳಿದ್ದೆ. ಈ ಮಾತು ನನ್ನದಲ್ಲ, ಪೂರ್ತಿ ಇವನದೇ. ಬೈಯೋದಿದ್ರೆ ನನಗೆ ಬೈರಿ. ಅವನು ಯಾಕೆ ಹಾಗಂದ ಅಂತ ಕೇಳಿ ಮೊದ್ಲು."

ಮೇಷ್ಟ್ರ ಕೈ ನನ್ನ ಹೆಗಲಿನಿಂದ ಕೆಳಗಿಳಿಯಿತು. ನಾನು ಹೇಳಿದೆ. ಎರಡು ಗನ್ನಿನ ಸದ್ದು ಹೇಳಿದೆ, ಬರಿಗೈಯ ಹೊಡೆದಾಟ ಹೇಳಿದೆ, ಶರಣಾಗತಿ ಹೇಳಿದೆ. ಎರಡನೇ ತಿರುವಿನಲ್ಲಿ ಕೊಂದವನು ಯಾರೆಂದು ಬದಲಿಸಿದರೆ ಸಾಕು, ಮೂರನೇ ಅಂಕದ ಒಂದೊಂದು ಹೆಜ್ಜೆಗೂ ಕಾರಣ ಸಿಗುತ್ತದೆ ಅಂದೆ. ನೋಡೇಬಿಡೋಣ ಎಂದು ಮೇಷ್ಟ್ರು ಕಂಪ್ಯೂಟರಿನತ್ತ ಹೋದರು.

ಆ ಚಿತ್ರತಂಡದಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬನಿಂದ ಮೇಷ್ಟ್ರು ಪಾಠಕ್ಕೆಂದು ಕೆಲವು ದೃಶ್ಯಗಳನ್ನು ತರಿಸಿಟ್ಟುಕೊಂಡಿದ್ದರು. ಅದರಲ್ಲಿ ಕ್ವಾರಿಯದೂ ಇತ್ತು. ಪರದೆ ಇಳಿಯಿತು. ಆಂಟಿ ಬಂದು ನನ್ನ ಪಕ್ಕದಲ್ಲಿ ನಿಂತು ಕೈ ಹಿಡಿದುಕೊಂಡರು.

"ನೀವು ಕೂತ್ಕೊಳಿ ಆಂಟಿ. ಅವರೆಲ್ಲ ನೋಡ್ತಾರೆ."

"ಸುಮ್ನಿರೋ."

ಸದ್ದು ಶುರುವಾಯಿತು. ಆಂಟಿ ಇಡೀ ಕ್ಲಾಸಿಗೆ ಕೇಳುವ ಹಾಗೆ ಹೇಳತೊಡಗಿದರು. "ತಮ್ಮ ಓಡ್ತಾ... ಅಲ್ಲ, ಜಾರ್ತಾ ಇದಾನೆ. ಆ ದೊಡ್ಡ ಮನುಷ್ಯ ಗನ್ ಎತ್ತಿದ. ಹೀರೋ, ಹೀರೋನೂ ಎತ್ತಿದ. ಧೂಳು. ಏನೂ ಕಾಣ್ತಿಲ್ಲ ಕಣೋ. ಅಯ್ಯೋ, ರಕ್ತ... ಕಣ್ಣು ಬಿಟ್ಟೇ ಇದೀನಿ, ಬಿಟ್ಟೇ ಇದೀನಿ..." ಅವರ ಮಾತು ಹೆಜ್ಜೆಹೆಜ್ಜೆಗೂ ಎಡವುತ್ತಿತ್ತು. ನೋಡುತ್ತಿದ್ದರು, ಖಂಡಿತ ನೋಡುತ್ತಿದ್ದರು. 'ಠಪ್' ಎಂದಿತು. ಸ್ಪ್ರಿಂಗು ಕಿರುಗುಟ್ಟಿತು. ತಮ್ಮ ಕಿರುಚಿದ.

"ಒಂದ್ನಿಮಿಷ, ಹಿಂದಕ್ಕೆ ಹಾಕಿ ಸಾರ್," ಎಂದರು ಆಂಟಿ. ಮೇಷ್ಟ್ರು ಹಾಕಿದರು. ಎರಡನೇ ಸಲ ನಿಧಾನಕ್ಕೆ ಓಡಿಸಿದರು. ಆಂಟಿಯ ಉಗುರು ನನ್ನ ಕೈಯಲ್ಲಿ ಆಳಕ್ಕೆ ಇಳಿಯಿತು.

"ನಿಲ್ಸಿ! ನೋಡಿ ಅಲ್ಲಿ. ದೊಡ್ಡ ಮನುಷ್ಯನ ಗನ್ನಲ್ಲಿ ಹೊಗೆ ಇಲ್ಲ. ಹೊಗೆ ಬರ್ತಾ ಇರೋದು ಹೀರೋ ಕೈಯಿಂದ!"

ಹಿಂದಿನ ಬೆಂಚಿನವನೇ ಮೊದಲು ಬಾಯಿಬಿಟ್ಟ. "ಹೌದು ಗುರು... ಹೌದು ಸಾರ್!" ಅಷ್ಟೇ. ಬೆಂಚು ಬಡಿದರು, ಶಿಳ್ಳೆ ಹೊಡೆದರು, ಥಿಯೇಟರಿನಲ್ಲಿ ಹೀರೋ ಬಂದಾಗಲೂ ಅಷ್ಟು ಶಿಳ್ಳೆ ಬಿದ್ದಿರಲಿಲ್ಲ. ಆಂಟಿ ನನ್ನ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದರು. ನನಗೆ ಕುಣಿಯಬೇಕು ಅನ್ನಿಸಿತು. ಕುಣಿಯುವ ಬದಲು ಭಾಷಣ ಮುಂದುವರಿಸಿದೆ. ಜಂಬ ಬಂದುಬಿಟ್ಟಿತ್ತು. ಮೂರನೇ ಅಂಕವನ್ನು ಎಳೆದೆ, ಹಿಗ್ಗಿಸಿದೆ, ನಿರ್ದೇಶಕನಿಗೆ ಎರಡು ಸಲಹೆಯನ್ನೂ ಕೊಟ್ಟೆ. ಆಗ ಮೇಜಿನ ಮೇಲೆ ಡಸ್ಟರು ಧಡ್ ಎಂದು ಬಿತ್ತು.

"ಏಯ್! ಸಾಕು ನಿಲ್ಸಯ್ಯಾ!"

ನಾನು ಬಾಯಿ ಮುಚ್ಚಿದೆ. ಯಾರಿಗೆ ಹೇಳಿದರು ಎಂದು ಒಂದು ಕ್ಷಣ ತಿಳಿಯಲಿಲ್ಲ.

"ಹನ್ನೆರಡು ನಿಮಿಷ ಅಂದ್ರೆ ಹನ್ನೆರಡು ನಿಮಿಷ. ಇಪ್ಪತ್ತು ಆಯ್ತು. ಸಿನಿಮಾ ಕೈಗೆ ಸಿಕ್ತು ಅಂತ ಮೂರು ಗಂಟೆ ಮಾತಾಡ್ತೀಯೇನಯ್ಯಾ? ಎರಡನೇ ತಿರುವು ಹಿಡ್ದಿದೀಯ, ನಾನೂ ಹಿಡ್ದಿರ್ಲಿಲ್ಲ, ಒಪ್ಕೊಂಡೆ. ಆದ್ರೆ ಮೊದಲನೇ ಅಂಕದಲ್ಲಿ ಏನ್ ಹೇಳ್ದೆ? ಎರಡೇ ಮಾತು! ಟೈಮ್ ಮೀರಿದ್ದಕ್ಕೆ ಎರಡು, ಮೊದಲನೇ ಅಂಕ ಹಾರ್ಸಿದ್ದಕ್ಕೆ ಎರಡು. ಇಪ್ಪತ್ತಕ್ಕೆ ಹದಿನಾರು. ಹೋಗ್ ಕೂತ್ಕೋ."

ಆಂಟಿಗೆ ಸಿಟ್ಟು ಬಂದರೆ ತವರಿನ ದಾವಣಗೆರೆ ಮಾತು ಬರುತ್ತದೆ. "ಅಲ್ರೀ ಸಾರ್! ನಿಮಗೇ ಗೊತ್ತಾಗ್ದೇ ಇದ್ದಿದ್ದು ಹುಡುಗ ಹೇಳ್ಯಾನೆ, ನಾಲ್ಕು ಮಾರ್ಕ್ಸ್ ಯಾಕ್ರೀ ಕಡಿತೀರಿ? ಎಲ್ಲಿ ನ್ಯಾಯಾರೀ ಇದು?" ಎಂದು ಮೇಜಿನ ಕಡೆ ನುಗ್ಗಿದರು. ನಾನು ಅವರ ಸೆರಗು ಹಿಡಿದು ಹೊರಗೆ ಎಳೆದುಕೊಂಡು ಬರಬೇಕಾಯಿತು. ನನಗೆ ನಗು ತಡೆಯಲಾಗುತ್ತಿರಲಿಲ್ಲ, ಕಣ್ಣಲ್ಲಿ ನೀರೂ ಬರುತ್ತಿತ್ತು.

ಬಸ್‌ಸ್ಟಾಪಿನವರೆಗೂ ಆಂಟಿ ಗೊಣಗುತ್ತಲೇ ಬಂದರು. "ನಾಲ್ಕು ಮಾರ್ಕ್ಸ್ ಕಣೋ! ಸುಮ್ನೆ ಇದ್ದಿದ್ರೆ ಇಪ್ಪತ್ತು ಸಿಕ್ತಿತ್ತು. ಏಯ್ ಅಂತ ಬೇರೆ ಬೈದ್ರು ನಿನ್ನ. ನಗ್ತೀಯಲ್ಲೋ, ನಾಚಿಕೆ ಆಗಲ್ವಾ?"

"ಬಿಡಿ ಆಂಟಿ," ಅಂದೆ. "ನಮ್ಮ ಕ್ಲಾಸಲ್ಲಿ ಎಲ್ರಿಗೂ ಹಾಗೇ ಬೈತಾರೆ."